ತೊಟ್ಟಿಗೆ ಬಿಟ್ಟ ಸಿಹಿನೀರು

ಉಪ್ಪುನೀರಿನಲ್ಲಷ್ಟೇ ಬದುಕಿ ಬಣ್ಣದ ಕಾರ್ಖಾನೆಯ ಹೊಲಸನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ಗಣಪಯ್ಯನವರು ಇಪ್ಪತ್ತೆರಡು ವರ್ಷಗಳ ಹಿಂದೆ, ಏಳು ತಿಂಗಳು ಸೋತು ಸೋತು, ಭದ್ರಾವತಿಯ ಕಾರ್ಖಾನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಬೆಳೆಸಿದ್ದರು. ಇಂದು ಹೊಸ ಮ್ಯಾನೇಜರ್ ಸುದೀಪ್ ಆ ತೊಟ್ಟಿಗೆ ಸಿಹಿನೀರು ಬಿಡಿಸಿ ಅಷ್ಟನ್ನೂ ಕೊಂದಿದ್ದ.

“ಉಪ್ಪಿಗೆ ಪೈಪೆಲ್ಲ ತುಕ್ಕು ಹಿಡೀತಿತ್ತು ಸಾರ್. ಸ್ವಲ್ಪ ತೊಳೆಸ್ದೆ.”

“ತೊಳೆಸ್ದೆಯಾ? ನಾಳೆ ಈ ಹೊಲಸು ಹೊಳೆಗೆ ಹೋಗುತ್ತೆ, ಮಾರಾಯ! ಮೊದಲ ಲೋಟ ನೀನೇ ಕುಡಿ!” ಗಣಪಯ್ಯನವರು ಗುಡುಗಿದರು. ಜೇಬಿನ ಡಬ್ಬಿಯನ್ನು ತೆರೆದು, ನಸುಗೆಂಪು ಉಪ್ಪಿನ ಹರಳೊಂದನ್ನು ಮೇಜಿನ ಮೇಲೆ ಕುಕ್ಕಿದರು. “ಇದರೊಳಗೆ ಅವು ಇನ್ನೂ ಬದುಕಿವೆ. ಬೆಳೆಸೋದು ಮಾತ್ರ ನನ್ನೊಬ್ಬನಿಗೇ ಗೊತ್ತು.”

ಅವರ ಏಳು ತಿಂಗಳ ಕಥೆ ಕೇಳಿ ಹಿಂದೊಮ್ಮೆ ಆಕಳಿಸಿದ್ದ ಪ್ರಯೋಗಾಲಯದ ಹುಡುಗಿ ಶ್ರೀಗೌರಿ ನೋಟ್‌ಬುಕ್ ತೆರೆದಳು. “ಮೊದಲಿಂದ ಇನ್ನೊಂದ್ಸಲ ಹೇಳಿ ಸಾರ್. ಬರ್ಕೋತೀನಿ.”