ಸೊನ್ನೆಯ ಮೇಲಿನ ಗೀಟು

ನಾನು ವೈದ್ಯನಲ್ಲ, ಆ ಮನೆಯ ಗೋಡೆಗೆ ಅಂಟಿಕೊಂಡ ಪಕ್ಕದ ಮನೆಯವನು ಅಷ್ಟೆ. ಪರರ ಮನೆಯ ಮಗುವಿನ ಕಾಯಿಲೆಯನ್ನು ಹೇಳಹೊರಟಿರುವುದಕ್ಕೆ ಓದುವವರು ಮನ್ನಿಸಬೇಕು.

ಗುಂಡ್ಲುಪೇಟೆಯ ಆ ಮನೆಯ ಜಗುಲಿಯಲ್ಲಿ ಆರು ವರ್ಷದ ಪುಟ್ಟಸಿದ್ದಮ್ಮ ಮೊಣಕಾಲಿಗೆ ಕೈಯೂರಿ ಕೂತು ಉಸಿರೆಳೆಯುತ್ತಿದ್ದಳು. ಎದೆಯಿಂದ ಸಿಳ್ಳೆಯಂಥ ಸದ್ದು. ತಲೆಕೂದಲು ಇನ್ನೂ ಒದ್ದೆ. ತಾಯಿ ಚಂದ್ರಮತಿ ಚಾಮರಾಜನಗರದ ಡಾಕ್ಟರು ಕೊಟ್ಟ ಮಾತ್ರೆಯನ್ನು ಅರ್ಧ ಮಾಡಿ ನುಂಗಿಸಿ, ಬೆನ್ನು ನೀವುತ್ತ ಕೂತಳು. ಉಸಿರು ಹದಕ್ಕೆ ಬರಲು ಒಂದು ಗಳಿಗೆಯೇ ಹಿಡಿಯಿತು. ಆಮೇಲೆ ಅಡಿಗೆಮನೆಗೆ ಹೋಗಿ ಗೋಡೆಯ ಮೇಲಿದ್ದ ಸೊನ್ನೆಯೊಂದಕ್ಕೆ ಇದ್ದಿಲಿನಿಂದ ಅಡ್ಡಗೀಟು ಎಳೆದಳು.

ಹಿಂದೆಯೇ ಬಂದ ಅತ್ತೆ ಚಿಕ್ಕಮಲ್ಲಮ್ಮ ಕೇಳಿದರು, “ಅದೇನವ್ವ, ಸುಣ್ಣದ ಗೋಡೆನೆಲ್ಲ ಗೀಚ್ಬುಟ್ಟಿದ್ದೀಯ?”

“ಗೂರಲು ಯಾವ್ಯಾವತ್ತು ಬತ್ತದೆ ನೋಡ್ಕೊಂಡು ಬನ್ನಿ ಅಂದವ್ರೆ ಡಾಕ್ಟ್ರು. ವಾರ ಲೆಕ್ಕ ಸಿಗ್ಲಿ ಅಂತ ಸೋಮಾರಕ್ಕೊಂದು ಸೊನ್ನೆ, ಗೀಟು ಅಂದ್ರೆ ಗೂರಲು.”

ಮುದುಕಿ ಗೋಡೆಗೆ ಕಣ್ಣು ಹತ್ತಿರ ಮಾಡಿದರು. “ನಾಕು ಸೊನ್ನೆಗೂ ಗೀಟು ಬಿದ್ದದಲ್ಲ, ಬ್ಯಾರೆ ದಿನ ಒಂದೂ ಇಲ್ಲ.”

ಸೊಸೆ ಇದ್ದಿಲನ್ನು ಒಲೆಯ ಪಕ್ಕಕ್ಕೆ ಇಟ್ಟಳು.

“ಸೋಮಾರ ನಾನು ಮಗಿಗೆ ತಲೆಗೆ ನೀರಾಕಿ ಸಾಂಬ್ರಾಣಿ ಹೊಗೆ ಕೊಡೋದು. ನಿಂಗೆ ಯಾವಾಗ ಗೊತ್ತಾಯ್ತು?”

“ಎರಡು ವಾರ ಆಯ್ತು ಅತ್ತೆ.”

“ಯಾಕ್ ಹೇಳ್ನಿಲ್ಲ?”

“ಅವಳಪ್ಪನ್ನೂ ಹಿಂಗೇ ಸಾಕಿದ್ದು, ಅವ್ನೇನು ಸತ್ನಾ ಅಂತೀರಿ ಅಂತ.”

“ಅಂತಿದ್ದೆ ಬುಡು,” ಎಂದರು ಚಿಕ್ಕಮಲ್ಲಮ್ಮ. ಗೀಟುಗಳ ಮೇಲೆ ಬೆರಳಾಡಿಸುತ್ತ, “ಅಂದ್ರೂ ಹೇಳ್ಬೇಕಿತ್ತು ಕಣವ್ವ. ಎರಡು ಸೋಮಾರ ಆ ಮಗು ಸುಮ್‌ಸುಮ್ಕೆ ಒದ್ದಾಡ್ತು.”

ಚಂದ್ರಮತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಮುಂದಿನ ಸೋಮವಾರವೂ ಅಜ್ಜಿ ಮೊಮ್ಮಗಳಿಗೆ ನೀರು ಹಾಕಿದರು. ಎಂದಿನಂತೆ ಅವಳನ್ನು ಬಿಸಿಲಿನಲ್ಲಿ ಕೂರಿಸಿ, ಬಿದಿರಿನ ಮಂಕರಿಯನ್ನು ಬೋರಲು ಹಾಕಿ, ಅದರ ಮೇಲೆ ಅವಳ ಕೂದಲು ಹರಡಿದರು. ಮಂಕರಿಯ ಒಳಗೆ ಕೆಂಡವಿರಲಿಲ್ಲ.

“ಅಜ್ಜಿ, ಹೊಗೆ ಬತ್ತಾನೇ ಇಲ್ಲ.”

“ಬತ್ತದೆ ಕಣಮ್ಮಿ, ಅಲ್ಲಾಡ್ದೆ ಕೂತ್ಕೊ,” ಎನ್ನುತ್ತ ಮುದುಕಿ ಮಗುವಿನ ಬೆನ್ನಿಗೆ ಕಿವಿಯಿಟ್ಟು ಕೇಳುತ್ತ ಕೂತರು.

ಆ ಸೊನ್ನೆಗೆ ಗೀಟು ಬೀಳಲಿಲ್ಲ. ಬುಧವಾರ ಮಾತ್ರ ಒಂದು ಗೀಟು ಬಿತ್ತು, ಸೊನ್ನೆಯಿಂದ ಎರಡು ಬೆರಳು ಆಚೆಗೆ. ಅದು ಯಾತರಿಂದ ಬಂತೆಂದು ಅತ್ತೆ, ಸೊಸೆ ಇಬ್ಬರೂ ಗೋಡೆಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದರು. ನನಗೂ ಗೊತ್ತಿಲ್ಲ.