ಸಖಿಯ ಗಂಟು

ಅರ್ಧ ಹೆಣೆದ ಜಡೆಯನ್ನು ಅಮ್ಮನ ಕೈಯಿಂದ ಬಿಡಿಸಿಕೊಂಡು ಮಗಳು ಎದ್ದು ನಿಂತಳು. "ಕೊನೇ ದೃಶ್ಯ ಒಂದೇ ಒಂದ್ಸಲ ನನ್ನ ಜೊತೆ ಮಾಡಮ್ಮಾ." ಶಾಲೆಯಲ್ಲಿ ಇವತ್ತೇ ನಾಟಕ, ನಾನೂರು ವರ್ಷ ಹಳೆಯ ಯುರೋಪಿನ ಹಾಸ್ಯನಾಟಕ. ಮನೆಬಿಟ್ಟು ಓಡಿ ಕೊನೆಗೆ ಮದುವೆಯಾಗುವ ನಾಯಕಿಯ ಪಾತ್ರ ಮಗಳ ಗೆಳತಿಯದು. ಬಟ್ಟೆಗಂಟು ಹೊತ್ತು ಅವಳ ಹಿಂದೆ ಓಡುವ ಸಖಿಯ ಪಾತ್ರ ಮಗಳದು. ಮೂರು ದಿನದಿಂದ ಮಗಳು ಒಬ್ಬಳೇ ಈ ದೃಶ್ಯವನ್ನೇ ಮತ್ತೆ ಮತ್ತೆ ಮಾಡುತ್ತಿರುವುದು ಯಾಕೆಂದು ಅಮ್ಮನಿಗೆ ಅರ್ಥವಾಗಿರಲಿಲ್ಲ.

ಅಮ್ಮ ಬಾಚಣಿಗೆ ಹಿಡಿದೇ ನಾಯಕಿಯಾದಳು. ಬಾಗಿಲ ಪರದೆಯನ್ನು ಮದುಮಗನೆಂದುಕೊಂಡು ಅದರ ಅಂಚು ಹಿಡಿದು ಒಳಗೆ ನಡೆದಳು. ತಿರುಗಿ ನೋಡಿದರೆ ಮಗಳು ಗಂಟನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದಳು.

"ಯಾಕೆ ಗೊಂಬೆ ಥರ ನಿಂತೆ? ಮಾತು ಮರೆತೋಯ್ತಾ?"

"ಮಾತೇ ಇಲ್ಲಮ್ಮ. ಒಳಗೆ ಹೋಗು ಅಂತಾನೂ ಬರೆದಿಲ್ಲ."

ಅಮ್ಮ ನಾಟಕದ ಪುಸ್ತಕ ತಿರುವಿದಳು. ನಿಜವೇ, ಕೊನೆಗೆ ಎಲ್ಲರಿಗೂ ಮದುವೆ, ಕುಣಿತ; ಸಖಿಯ ಸುದ್ದಿಯೇ ಇಲ್ಲ. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಸಖಿ ಏನು ಮಾಡ್ಬೇಕು ಅಂತ ನಿನ್ನ ಗೆಳತೀನೇ ಕೇಳು ಪುಟ್ಟಿ, ದಿನಾ ಒಟ್ಟಿಗೇ ಕೂತ್ಕೋತೀರಲ್ಲ."

ಮಗಳು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಸೋಮವಾರದಿಂದ ಅವಳು ಬೇರೆ ಬೆಂಚಲ್ಲಿ ಕೂರ್ತಾಳೆ."

ಅಮ್ಮ ಬಾಚಣಿಗೆ ಕೆಳಗಿಟ್ಟಳು.

"ಅಮ್ಮಾ, ಅವಳಿಗೆ ಬೇರೆಯವರು ಸಿಕ್ಕಿದ ಮೇಲೆ ನಾನು ಎಲ್ಲಿ ನಿಂತ್ಕೊಳ್ಳಲಿ?"