ಅಜ್ಜಿ ಓಡಿದ ಒಂಬತ್ತು ಹೆಜ್ಜೆ

ಆ ಊರಿನಲ್ಲಿ ತೀರಿಕೊಂಡವರ ಹೆಜ್ಜೆಗಳು ಬೀದಿಯಲ್ಲಿ ಉಳಿದುಬಿಡುತ್ತಿದ್ದವು. ಬೇರೊಬ್ಬರು ಅವುಗಳ ಮೇಲೆ ಕಾಲಿಟ್ಟರೆ ಆ ನಡಿಗೆ ಅವರ ಕಾಲಿಗೆ ಬಂದು, ಗುರುತು ಅಳಿಸಿಹೋಗುತ್ತಿತ್ತು. ಆದ್ದರಿಂದ ಮನೆಯವರು ತಮ್ಮವರ ಹೆಜ್ಜೆಗಳ ಸುತ್ತ ರಂಗೋಲಿಯ ಗೆರೆ ಎಳೆಯುತ್ತಿದ್ದರು. ಸಂಜೆ ತಿರುಗಾಡುವವರು ಅವನ್ನು ತುಳಿಯದೆ ಬಳಸಿಕೊಂಡು ಹೋಗುತ್ತಿದ್ದರು.

ಪುಟ್ಟಸ್ವಾಮಯ್ಯನವರ ಪಾಲಿಗೆ ಹೆಂಡತಿ ನಾಗರತ್ನಮ್ಮನ ಒಂಬತ್ತೇ ಹೆಜ್ಜೆಗಳು ಉಳಿದಿದ್ದವು. ಎಂಟು ವರ್ಷಗಳಿಂದ ಅವನ್ನು ಕಾಪಾಡಿಕೊಂಡು ಬಂದಿದ್ದರು. ಅವು ಆಕೆ ಓಡಿದಾಗ ಮೂಡಿದ ಹೆಜ್ಜೆಗಳು. ಜನ್ಮದಲ್ಲಿ ಆಕೆ ಓಡಿದ್ದು ಅದೊಂದೇ ಸಲ, ಶಾಲೆಯ ಮೊದಲ ದಿನ ಕೈ ತಪ್ಪಿಸಿಕೊಂಡ ಮೊಮ್ಮಗಳ ಹಿಂದೆ.

ಆ ಮೊಮ್ಮಗಳು ಇಂಚರ ಈಗ ಒಂಬತ್ತನೆಯ ತರಗತಿ. ಕಳೆದ ಕ್ರೀಡಾಕೂಟದಲ್ಲಿ ಬಿದ್ದಂದಿನಿಂದ ಅವಳಿಗೆ ಓಟವೆಂದರೆ ಅಂಜಿಕೆ.

“ನಾಳೆ ಓಟದಿಂದ ಹೆಸರು ತೆಗೆಸಿಬಿಡ್ತೀನಿ ತಾತ. ಸೀಟಿ ಊದಿದ ತಕ್ಷಣ ಕಾಲು ನಿಂತೇಬಿಡತ್ತೆ.”

ತಾತ ಬಗ್ಗಿ, ಅಂಗವಸ್ತ್ರದ ತುದಿಯಿಂದ ಆ ಒಂಬತ್ತು ಹೆಜ್ಜೆಗಳ ಸುತ್ತಲಿನ ರಂಗೋಲಿಯನ್ನು ಒರೆಸಿದರು. “ಕಾಲಿಡಮ್ಮ.”

“ಅಯ್ಯೋ, ಅಜ್ಜೀದು! ಆಮೇಲೆ ದಿನಾ ಇಲ್ಲಿ ನಿಂತು ಯಾರ ಜೊತೆ ಜಗಳ ಆಡ್ತೀರಾ?”

“ಮಂಡಿನೋವು ಅಂತ ಮೂರು ಹೊತ್ತೂ ರಾಗ ಎಳೀತಿದ್ದೋಳು, ಅವತ್ತು ನಿನಗೋಸ್ಕರ ಬಸ್ಸನ್ನೇ ಹಿಂದೆ ಹಾಕಿದ್ಲು. ಆ ಓಟ ನಿಂದೇ ಕಣೇ. ಹೂಂ, ಇಡು.”

ಇಂಚರ ಮೊದಲ ಹೆಜ್ಜೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಮರುಕ್ಷಣ ಓಡಿದಳು. ಒಂಬತ್ತೂ ಹೆಜ್ಜೆಗಳು ಅಳಿಸಿಹೋದವು. ಅವಳು ಮಾತ್ರ ನಿಲ್ಲದೆ ಬೀದಿಯ ಕೊನೆಯ ಹುಣಸೆಮರದವರೆಗೂ ಓಡಿದಳು.

ಪುಟ್ಟಸ್ವಾಮಯ್ಯನವರು ಬರಿದಾದ ನೆಲವನ್ನು ನೋಡಲಿಲ್ಲ. ಟ್ರ್ಯಾಕ್ ಪ್ಯಾಂಟ್ ತೊಟ್ಟ ಆ ಹುಡುಗಿ, ಎಡಗೈಯಲ್ಲಿ ಇಲ್ಲದ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಓಡುತ್ತಿದ್ದಳು.